ತುಕ್ಕು ಹಿಡಿದ ಹೌಸಿಂಗು, ನಲವತ್ತೆರಡು ಜೇನುಪೆಟ್ಟಿಗೆ

ಪಿಕಪ್ಪಿನ ಹಿಂದಿನ ಹೌಸಿಂಗಿಗೆ ಕಪ್ಪು ಬಣ್ಣ ಬಳಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ಗಾಡಿಯ ಹಿಂದೆ ಬಗ್ಗಿ ನೋಡಿದರೆ ಎರಡು ಗಾಲಿಗಳ ನಡುವೆ ಅಡ್ಡಕ್ಕೆ ಒಂದು ದಪ್ಪ ಕಬ್ಬಿಣದ ಕೊಳವೆ ಕಾಣುತ್ತದೆ. ನಡುಮಧ್ಯೆ ಕುಂಬಳಕಾಯಿಯ ಹಾಗೆ ಉಬ್ಬಿರುತ್ತದೆ. ಅದೇ ಹೌಸಿಂಗು. ಗಾಲಿ ತಿರುಗಿಸುವ ಆಕ್ಸಲ್ ಅದರೊಳಗೆ ಎಣ್ಣೆಯಲ್ಲಿ ಇರುತ್ತದೆ. ಹೊರಗೆ ಎಡಕ್ಕೂ ಬಲಕ್ಕೂ ಕಮಾನು ಪಟ್ಟಿಗಳು, ಅಂದರೆ ಸ್ಪ್ರಿಂಗುಗಳು, ಅದರ ಮೇಲೆ ಕೂತು ಗಾಡಿಯ ಭಾರವನ್ನೆಲ್ಲ ಹೇರುತ್ತವೆ. ನಮ್ಮ ಗಾಡಿ ಹಳೆಯದು. ನಮ್ಮ ಕೈಗೆ ಬರುವ ಮೊದಲು ಅದು ಕರಾವಳಿಯಿಂದ ಮೀನು ತರುತ್ತಿತ್ತು. ಐಸು ಕರಗಿದ ಉಪ್ಪುನೀರು ಹಲಗೆಯ ಸಂದಿಯಿಂದ ವರ್ಷಗಟ್ಟಲೆ ಆ ಹೌಸಿಂಗಿನ ಮೇಲೆ ತೊಟ್ಟಿಕ್ಕಿದೆ. ಕೊಳ್ಳುವಾಗ ನಾವು ಇಂಜಿನ್ ಸದ್ದು ಕೇಳಿದೆವು, ಟಯರ್ ನೋಡಿದೆವು. ಕೆಳಗೆ ಬಗ್ಗಿ ನೋಡಿರಲಿಲ್ಲ.

ಗಾಡಿ ಓಡಿಸುವವನು ನನ್ನ ತಮ್ಮ. ಜೇನು ನೋಡಿಕೊಳ್ಳುವವಳು ನಾನು. ಹೂವು ಎಲ್ಲಿದೆಯೋ ಅಲ್ಲಿಗೆ ಪೆಟ್ಟಿಗೆ ಸಾಗಿಸುವುದು ನಮ್ಮ ಕೆಲಸ. ಆ ಸಲ ಹೊರಡುವ ವಾರದಲ್ಲೇ ರಾಣೆಬೆನ್ನೂರಿನ ನಮ್ಮ ಮೆಕ್ಯಾನಿಕ್ ಎಣ್ಣೆ ಬದಲಿಸಲು ಕೆಳಗೆ ಹೋದವನು ಸುತ್ತಿಗೆಯಿಂದ ಹೌಸಿಂಗಿಗೆ ಎರಡು ಸಲ ಬಡಿದ. ತುಕ್ಕಿನ ಹಕ್ಕಳೆಗಳು ಅವನ ಎದೆಯ ಮೇಲೆ ಉದುರಿದವು.

"ಇದನ್ನ ಇಳಿಸಿ ನೋಡಬೇಕ್ರಿ ಅಕ್ಕಾರ. ಎಷ್ಟ ತಿಂದೈತಿ ಅಂತ ಮ್ಯಾಲಿಂದ ಗೊತ್ತಾಗಂಗಿಲ್ಲ. ನಾಕೈದು ದಿವ್ಸ ಗಾಡಿ ಬಿಡ್ರಿ."

ನಾಲ್ಕೈದು ದಿನ ನನ್ನ ಬಳಿ ಇರಲಿಲ್ಲ. ಹೊಸರಿತ್ತಿಯ ಹತ್ತಿರ ಸೂರ್ಯಕಾಂತಿ ಮುಗಿದು ಹುಳಗಳು ಬರಿಗೈಲಿ ವಾಪಸು ಬರುತ್ತಿದ್ದವು. ರಾಣೆಬೆನ್ನೂರಿನ ಆಚೆ ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿ ಹೊಲದಲ್ಲಿ ಹೂವು ಬಿರಿಯಲು ಶುರುವಾಗಿತ್ತು. ಹುಳ ಕೂರದಿದ್ದರೆ ಅಲ್ಲಿ ಬೀಜ ಕಟ್ಟುವುದಿಲ್ಲ, ಹೊಲದವರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ನಾನು ಗಾಡಿಯನ್ನು ಮನೆಗೆ ತಂದೆ. ತಂತಿಬ್ರಷ್ಷಿನಿಂದ ಅರ್ಧ ತಾಸು ತಿಕ್ಕಿದೆ, ಸೀಮೆಎಣ್ಣೆಯಲ್ಲಿ ಒರೆಸಿದೆ. ಕುಳಿಗಳ ಒಳಗೆ ತುಕ್ಕು ಹಾಗೇ ಇತ್ತು, ನನಗೆ ಕಾಣುತ್ತಿತ್ತು. ಅದರ ಮೇಲೆಯೇ ಎರಡು ಸಲ ಕಪ್ಪು ಬಣ್ಣ ಬಳಿದೆ. ಒಣಗಿದ ಮೇಲೆ ಹೊಸದರ ಹಾಗೆ ಕಂಡಿತು. ತಮ್ಮ ಬಗ್ಗಿ ನೋಡಿ, "ಆತು ಬಿಡಕ್ಕ, ಈ ಸೀಜನ್ ತಡಿತೈತಿ" ಎಂದ. ನನಗೂ ಹಾಗೆಯೇ ಅನ್ನಿಸಿತು.

ಪೆಟ್ಟಿಗೆ ಸಾಗಿಸುವ ಕ್ರಮ ಹೀಗೆ: ಹಿಂದಿನ ಸಂಜೆ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಬಾಗಿಲಿಗೆ ಜಾಳಿಗೆ ಹೊಡೆಯಬೇಕು. ಬೆಳಗಿನ ತಂಪಿನಲ್ಲಿ ಹೇರಿ, ಬಿಸಿಲು ಏರುವ ಮೊದಲು ಹೊಸ ಜಾಗ ಸೇರಿ ಬಾಗಿಲು ತೆಗೆಯಬೇಕು. ಮುಚ್ಚಿದ ಪೆಟ್ಟಿಗೆ ಬಿಸಿಲಿನಲ್ಲಿ ನಿಂತರೆ ಹುಳಗಳು ಗಾಬರಿಯಾಗಿ ರೆಕ್ಕೆ ಬಡಿಯುತ್ತವೆ, ಅದರಿಂದ ಕಾವು ಇನ್ನೂ ಏರುತ್ತದೆ, ಮೇಣ ಮೆತ್ತಗಾಗಿ ತುಪ್ಪ ತುಂಬಿದ ಎರಿ ಕುಸಿಯುತ್ತದೆ. ಹುಳಗಳು ತಮ್ಮದೇ ತುಪ್ಪದಲ್ಲಿ ಮುಳುಗಿ ಸಾಯುತ್ತವೆ.

ನಾವು ಹೊಸರಿತ್ತಿಯಿಂದ ಐದಕ್ಕೆ ಹೊರಟೆವು. ಹಾವೇರಿ ದಾಟಿ ಹೆದ್ದಾರಿ ಹಿಡಿದಾಗ ಬೆಳಕು ಮೂಡುತ್ತಿತ್ತು. ಮೋಟೆಬೆನ್ನೂರು ಹತ್ತಿರವಾಗುತ್ತಿದ್ದಂತೆ ತಮ್ಮ ಸ್ಟೇರಿಂಗ್ ಬಿಗಿಹಿಡಿದ.

"ಅಕ್ಕ, ಗಾಡಿ ಎಡಕ್ಕ ಎಳ್ಯಾಕತ್ತೈತಿ."

"ಗಾಳಿ ಕಮ್ಮಿ ಆಗೇತೇನು?"

"ಅಲ್ಲ. ಎಣ್ಣಿ ಸುಟ್ಟ ವಾಸನಿ ಬರಾಕತ್ತೈತಿ."

ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿದ. ಇಬ್ಬರೂ ಕೆಳಗೆ ಬಗ್ಗಿದೆವು. ಎಡಗಡೆ, ಕಮಾನು ಪಟ್ಟಿ ಕೂತಿರುವ ಜಾಗದ ಪಕ್ಕದಲ್ಲೇ, ಹೌಸಿಂಗಿನ ತಳ ಬಿರಿದಿತ್ತು. ನಾಲ್ಕು ಬೆರಳಷ್ಟು ಉದ್ದದ ಬಿರುಕು. ಎಣ್ಣೆ ಸೋರಿ ಗಾಲಿಯ ಒಳಮೈ ತೊಯ್ದಿತ್ತು. ನನ್ನ ಕಪ್ಪು ಬಣ್ಣ ಬಿರುಕಿನ ಎರಡೂ ಬದಿ ಒಣಗಿದ ಸಿಪ್ಪೆಯ ಹಾಗೆ ಎದ್ದು ನಿಂತಿತ್ತು. ಇನ್ನೊಂದು ಗುಂಡಿಗೆ ಗಾಲಿ ಬಿದ್ದಿದ್ದರೆ ಕೊಳವೆ ಮುರಿದು ಗಾಡಿ ಪಲ್ಟಿಯಾಗುತ್ತಿತ್ತು.

ಆಗ ಆರೂಕಾಲು. ಮೊದಲು ಬೇರೆ ಗಾಡಿಗೆ ಪ್ರಯತ್ನಿಸಿದೆವು. ಅಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ. ಸುತ್ತಲಿನ ಪಿಕಪ್ಪುಗಳೆಲ್ಲ ಚೀಲ ಹೇರಿಕೊಂಡು ಅಲ್ಲಿಗೆ ಹೋಗಿದ್ದವು. ಖಾಲಿ ಬರುತ್ತಿದ್ದ ಎರಡು ಗಾಡಿಗಳನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಪೆಟ್ಟಿಗೆಯೊಳಗಿನ ಸದ್ದು ಕೇಳಿದ್ದೇ ಒಬ್ಬ ಹೊರಟೇಬಿಟ್ಟ. ಇನ್ನೊಬ್ಬ, "ಹುಳಾ ಕಡದ್ರ ಯಾರ್ ಜವಾಬ್ದಾರ್ರಿ?" ಎಂದು ಗೇರ್ ಹಾಕಿದ. ಉಳ್ಳಾಗಡ್ಡಿ ಹೊಲದವರಿಗೆ ಫೋನ್ ಮಾಡಿದರೆ ಅವರ ಟ್ರ್ಯಾಕ್ಟರ್ ಊರಲ್ಲಿಲ್ಲ, ನಾಡಿದ್ದು ಬೆಳಿಗ್ಗೆ ಕಳಿಸುತ್ತೇವೆ ಎಂದರು. ನಮ್ಮ ಮೆಕ್ಯಾನಿಕ್ ಮಧ್ಯಾಹ್ನದವರೆಗೆ ಬರಲಾಗದು ಎಂದ. ಕೊನೆಗೆ ತಮ್ಮ ಯಾರದೋ ಬೈಕಿನ ಹಿಂದೆ ಕೂತು ಬ್ಯಾಡಗಿ ರಸ್ತೆಯ ವೆಲ್ಡರ್ ಒಬ್ಬರನ್ನು ಕರೆತರಲು ಹೋದ.

ನಾನು ಒಬ್ಬಳೇ ಪೆಟ್ಟಿಗೆಗಳ ಪಕ್ಕ ನಿಂತೆ. ಗಾಡಿ ಓಡುವಾಗ ಜಾಳಿಗೆಯಿಂದ ಗಾಳಿಯಾಡುತ್ತದೆ. ನಿಂತರೆ ಏನೂ ಇಲ್ಲ. ಕಿವಿ ಹಚ್ಚಿದರೆ ನಡುವಿನ ಸಾಲಿನಿಂದ ಸದ್ದು ಏರುತ್ತಿರುವುದು ಕೇಳುತ್ತಿತ್ತು. ನನ್ನಲ್ಲಿದ್ದ ಎರಡು ಬಾಟಲಿ ನೀರನ್ನು ಜಾಳಿಗೆಗಳ ಮೇಲೆ ಚಿಮುಕಿಸಿದೆ. ನಲವತ್ತೆರಡು ಪೆಟ್ಟಿಗೆಗೆ ಅದು ಯಾವ ಲೆಕ್ಕ?

ವೆಲ್ಡರ್ ಬಂದಾಗ ಏಳೂವರೆ. ಅರವತ್ತು ದಾಟಿದ ಮುಸಲ್ಮಾನರು, ಬಿಳಿ ಗಡ್ಡ, ಒಂದು ಕಣ್ಣಿನ ರೆಪ್ಪೆಯ ಮೇಲೆ ಹಳೆಯ ಸುಟ್ಟ ಕಲೆ. ಡೀಸೆಲ್ ಜನರೇಟರು, ವೆಲ್ಡಿಂಗ್ ಸಾಮಾನು ಎಲ್ಲ ಒಂದು ಗೂಡ್ಸ್ ಆಟೋದಲ್ಲಿ ತಂದಿದ್ದರು. ಚಾದರ ಹಾಸಿ ಕೆಳಗೆ ತೂರಿ, ಬಹಳ ಹೊತ್ತು ನೋಡಿ, ಹೊರಬಂದರು.

"ಮ್ಯಾಲೆ ಏನೈತಿ?"

"ಜೇನ್ರಿ, ಚಾಚಾ."

"ಇಳಸ್ರಿ."

"ಇಳಸಾಕ ಆಗಂಗಿಲ್ರಿ. ಇಲ್ಲಿ ನೆರಳಿಲ್ಲ. ಮೊದಲ ಒಂದೀಟು ವೆಲ್ಡ್ ಮಾಡಿಕೊಡ್ರಿ, ನಾವು ಮೆಲ್ಲಕ ಹೋಗ್ತೇವಿ. ಹತ್ತ ನಿಮಿಷದ ಕೆಲಸ ಅಲ್ಲೇನ್ರಿ?"

"ಹತ್ತ ನಿಮಿಷದಾಗ ಆಗೂದಲ್ಲ ಬೇಟಿ. ತುಕ್ಕಿನ ಮ್ಯಾಲೆ ವೆಲ್ಡಿಂಗ್ ಹಿಡಿಯಂಗಿಲ್ಲ. ಹೊಳಿಯೋ ಕಬ್ಬಿಣ ಸಿಗೋತನಕ ತಿಕ್ಕಬೇಕು. ಗಾಲಿ ಬಿಚ್ಚಬೇಕು, ಎಣ್ಣಿ ಇಳಸಬೇಕು, ಆಕ್ಸಲ್ ಹೊರಗ ಎಳಿಬೇಕು. ಇಷ್ಟ ಭಾರ ಜಾಕಿ ಮ್ಯಾಲೆ ಇಟ್ಕೊಂಡು ನಾ ಬುಡಕ ಮಲಗೂದಿಲ್ಲ."

ನಾನು ಕೂಗಾಡಿದೆ. ಏನೇನು ಅಂದೆನೋ ಈಗ ನೆನಪಿಲ್ಲ. ಹುಳ ಸತ್ತರೆ ನಿಮ್ಮ ಮೇಲೆ ಎಂಬಂಥ ಮಾತೂ ಬಂತು. ಅವರು ಸಿಟ್ಟಾಗಲಿಲ್ಲ. ನನ್ನ ಮುಖ ನೋಡಿ, "ಆತು, ನಿನ್ನ ಸಮಾಧಾನಕ್ಕ" ಎಂದು ಜಾಕಿ ಹಚ್ಚದೆ, ಗಾಲಿ ಬಿಚ್ಚದೆ, ಮಗ್ಗುಲಾಗಿ ಮಲಗಿ ತೋಳು ಚಾಚಿ ಬಿರುಕಿಗೆ ರಾಡು ಮುಟ್ಟಿಸಿದರು. ಎಣ್ಣೆ ಹತ್ತಿಕೊಂಡು ಚಟಚಟ ಸಿಡಿಯಿತು. ತೆಳುವಾಗಿದ್ದ ಕಬ್ಬಿಣ ಬೆಣ್ಣೆಯ ಹಾಗೆ ಕರಗಿ, ಬಿರುಕು ಇದ್ದಲ್ಲಿ ಕಡಲೆಕಾಳಿನಷ್ಟು ತೂತು ಬಿತ್ತು. ಇನ್ನೊಂದು ಕಡೆ ಮುಟ್ಟಿಸಿದರು, ಅಲ್ಲೂ ತೂತು. ಬೆಂಕಿ ಆರಿಸಿ ಅವರು ಹೊರಬರುವಷ್ಟರಲ್ಲಿ ಕೆಳಗೆ ಟಕ್ ಎಂದಿತು. ಬಗ್ಗಿ ನೋಡಿದರೆ ಬಿರುಕು ಮತ್ತೆ ಎರಡು ಬೆರಳು ಉದ್ದವಾಗಿತ್ತು.

ಎಂಟು ದಾಟಿತ್ತು. ನಡುವಿನ ಸಾಲಿನ ಒಂದು ಪೆಟ್ಟಿಗೆಯ ಬಾಗಿಲಿನಿಂದ ತುಪ್ಪ ಹನಿಯತೊಡಗಿತು. ಎರಿ ಕುಸಿದಿದೆ ಎಂದು ಅರ್ಥ. ನಾನು ರಸ್ತೆಯ ಮೇಲೆ ಕೂತುಬಿಟ್ಟೆ.

ರಸ್ತೆಗೆ ಹತ್ತಿದ ಹೊಲದಲ್ಲಿ ಹಸಿಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರು ಇದನ್ನೆಲ್ಲ ನೋಡುತ್ತಿದ್ದರು. ಹೊಲದ ಒಡತಿ ಬದುವಿನ ಮೇಲೆ ಬಂದು ನಿಂತಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ವಿಷಯ ಕೇಳಿ ಹೊಲದ ಅಂಚಿನ ಹುಣಸೆ ಮರ ತೋರಿಸಿದಳು.

"ಅಲ್ಲಿ ನೆಳ್ಳಿಗೆ ಇಡ್ರಿ ತಂಗಿ. ಆದ್ರ ಹುಳಾ ಬಿಡಬ್ಯಾಡ್ರಿ. ನಿನ್ನೆ ಸಂಜಿಗೆ ಗಿಡಕ್ಕ ಎಣ್ಣಿ ಹೊಡದೇವಿ."

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಗಾಳಿಯಲ್ಲಿ ಅದರ ವಾಸನೆ ಅಷ್ಟು ಹೊತ್ತು ಇದ್ದೇ ಇತ್ತು. ಹೌಸಿಂಗಿನ ಎಣ್ಣೆಯ ವಾಸನೆಯ ನಡುವೆ ನಾನು ಅದನ್ನು ಗುರುತಿಸಿರಲಿಲ್ಲ. ಮುಚ್ಚಿಟ್ಟರೆ ಬೆಂದು ಸಾಯುತ್ತವೆ, ಬಿಟ್ಟರೆ ವಿಷಕ್ಕೆ ಸಾಯುತ್ತವೆ. ಆದರೂ ಗಾಡಿಯ ಮೇಲೆ ಬಿಡುವಂತಿರಲಿಲ್ಲ. "ಇಳಸೋಣ" ಎಂದೆ. ವೆಲ್ಡರ್ ತಾವೇ ಮೊದಲ ಪೆಟ್ಟಿಗೆಯ ಹಗ್ಗ ಬಿಚ್ಚಿದರು.

ಹೆಂಗಸರು ಸೆರಗನ್ನು ಮುಖಕ್ಕೆ ಸುತ್ತಿಕೊಂಡು ಇಬ್ಬಿಬ್ಬರಾಗಿ ಹೊತ್ತರು. ಬದುವಿನ ಮೇಲೆ ನಡೆಯುವಾಗ ಪೆಟ್ಟಿಗೆ ವಾಲದ ಹಾಗೆ ಹಿಡಿಯಿರಿ ಎಂದು ನಾನು ಮತ್ತೆ ಮತ್ತೆ ಬೇಡಿಕೊಳ್ಳುತ್ತಿದ್ದೆ. ಒಂಬತ್ತೂಕಾಲಿಗೆ ನಲವತ್ತೆರಡೂ ಹುಣಸೆ ಮರದಡಿ ಸೇರಿದವು. ಗೋಣಿಚೀಲ ತೋಯಿಸಿ ಮುಚ್ಚಿದೆವು. ಆದರೆ ಒಳಗಿನ ಕಾವು ಇಳಿಯಲಿಲ್ಲ. ಎಂಟು ಪೆಟ್ಟಿಗೆಗಳಿಂದ ತುಪ್ಪ ಸೋರುತ್ತಿತ್ತು. ಎರಡರಲ್ಲಿ ಸದ್ದೇ ನಿಂತುಹೋಗಿತ್ತು. ಹುಳದ ಆರ್ಭಟಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಅದು ನಿಂತಾಗ.

ಬಾಗಿಲು ತೆಗೆಯಲೇಬೇಕಿತ್ತು. ತೆಗೆದರೆ ಇಂಥ ಬಿಸಿಲಿನಲ್ಲಿ ಹುಳಗಳು ಮೊದಲು ಹುಡುಕುವುದು ಹೂವನ್ನಲ್ಲ, ನೀರನ್ನು. ಗೂಡು ತಣಿಸಲು ನೀರು ಹೊತ್ತು ತರುತ್ತವೆ. ಹತ್ತಿರದ ನೀರು ಮೆಣಸಿನ ಗಿಡದ ಕಾಲುವೆಯಲ್ಲಿತ್ತು, ಎಲೆಯ ವಿಷವೆಲ್ಲ ತೊಟ್ಟಿಕ್ಕಿದ ನೀರು.

"ಅಕ್ಕಾರ, ಇವತ್ತೊಂದ ದಿನ ನೀರ್ ಹಾಯಿಸೂದು ನಿಲ್ಲಸ್ತೀರೇನ್ರಿ?" ಎಂದು ಕೇಳಿದೆ. ಬಾಡುತ್ತಿದ್ದ ಗಿಡದ ಒಡತಿಗೆ ಕೇಳಬಾರದ ಮಾತು ಅದು. ಅವಳು ಗಿಡದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನಂತರ ಹೋಗಿ ಮೋಟಾರು ಬಂದ್ ಮಾಡಿದಳು. ದನದ ಬಾನಿ ಎರಡು ತರಿಸಿ, ತೊಳೆಸಿ, ಬಾವಿಯ ನೀರು ತುಂಬಿಸಿ ಮರದಡಿ ಇಟ್ಟಳು. ಹುಳ ಮುಳುಗದಂತೆ ನಾನು ನೀರಿನ ಮೇಲೆ ಕಡ್ಡಿ, ಒಣಹುಲ್ಲು ಹರಡಿದೆ. ಒಂದೊಂದೇ ಜಾಳಿಗೆ ಕಿತ್ತೆ. ಮೊದಲ ಪೆಟ್ಟಿಗೆಯಿಂದ ಹುಳಗಳು ನೀರು ಚೆಲ್ಲಿದ ಹಾಗೆ ಹೊರಗೆ ಸುರಿದವು. ಕೈಗೆ, ಕುತ್ತಿಗೆಗೆ ಕಚ್ಚಿದವು. ನನಗೆ ಉರಿ ಗೊತ್ತಾಗಲಿಲ್ಲ. ಬಾನಿಯ ಅಂಚಿನಲ್ಲಿ ಮೊದಲ ಹುಳ ಕೂತು ನೀರಿಗೆ ಬಾಯಿ ಹಚ್ಚಿದಾಗ ಮಾತ್ರ ನನಗೆ ಅಳು ಬಂತು.

ಅತ್ತ ರಸ್ತೆಯಲ್ಲಿ ವೆಲ್ಡರ್ ತಮ್ಮದೇ ರೀತಿಯಲ್ಲಿ ಕೆಲಸ ನಡೆಸಿದ್ದರು. ಗಾಡಿಯ ಅಡಿಚೌಕಟ್ಟಿಗೆ ಮರದ ದಿಮ್ಮಿ ಕೊಟ್ಟು ಎತ್ತಿ, ಹೌಸಿಂಗಿನ ಮೇಲಿನ ಭಾರ ಬಿಡಿಸಿದ್ದರು. ಎಣ್ಣೆ ಇಳಿಸಿ, ಎಡಗಡೆಯ ಗಾಲಿ, ಡ್ರಮ್ಮು ಬಿಚ್ಚಿ ಆಕ್ಸಲ್ ಹೊರಗೆಳೆದಿದ್ದರು. ಬ್ರೇಕಿನ ಪೈಪು ಸುಡದಂತೆ ಬಿಚ್ಚಿ ಬಾಯಿ ಕಟ್ಟಿದ್ದರು. ನಾನು ಹೋದಾಗ ಉಳಿಯಿಂದ ಬಣ್ಣ ಎಬ್ಬಿಸುತ್ತಿದ್ದರು. ಅಂಗೈ ಅಗಲದ ಒಂದು ತುಂಡು ಹಾಗೇ ಕಳಚಿ ಬಂತು. ಒಳಮೈಗೆ ಕೆಂಪು ಪುಡಿ ಅಂಟಿತ್ತು.

"ಯಾರು ಬಣ್ಣಾ ಹೊಡದಾವ್ರು?"

ತಮ್ಮ ನೆಲ ನೋಡಿದ. "ನಾನ್ರಿ" ಎಂದೆ.

"ಒಳಗ ಹಸಿ ಇತ್ತು ಬೇಟಿ. ಮ್ಯಾಲೆ ಬಣ್ಣಾ ಬಳದ್ರ ಹಸಿ ಹೋಗಂಗಿಲ್ಲ." ಅಷ್ಟೇ ಹೇಳಿ ಗ್ರೈಂಡರ್ ಹಚ್ಚಿದರು.

ಒಂದೂವರೆ ತಾಸು ಬರೀ ತಿಕ್ಕಿದರು. ಕಂದು ಹೋಗಿ ಬೂದು ಬಂತು, ಬೂದು ಹೋಗಿ ಬೆಳ್ಳಗೆ ಹೊಳೆಯುವ ಕಬ್ಬಿಣ ಬಂತು. ಬಿರುಕು ಮುಂದೆ ಓಡದಂತೆ ಅದರ ಎರಡು ತುದಿಗೂ ಸಣ್ಣ ತೂತು ಕೊರೆದರು. ಅಂಚುಗಳನ್ನು ಓರೆಯಾಗಿ ತೀಡಿ, ಒಂದೊಂದು ಅಂಗುಲ ವೆಲ್ಡ್ ಮಾಡಿ, ಅದು ತಾನಾಗಿ ತಣ್ಣಗಾಗುವವರೆಗೆ ಸುಮ್ಮನೆ ಕೂತರು. ತಮ್ಮ ನೀರು ಹಾಕಲು ಹೋದಾಗ ಕೈ ಹಿಡಿದು ತಡೆದರು; ಬಿಸಿ ಕಬ್ಬಿಣಕ್ಕೆ ನೀರು ಬಿದ್ದರೆ ಪೆಡಸಾಗಿ ಮತ್ತೆ ಬಿರಿಯುತ್ತದೆ, ಕೊಳವೆ ಸೊಟ್ಟಗಾದರೆ ಆಕ್ಸಲ್ ಕೂರುವುದಿಲ್ಲ. ಕೊನೆಗೆ ಹಳೆಯ ದಪ್ಪ ಪೈಪನ್ನು ಉದ್ದಕ್ಕೆ ಸೀಳಿ, ಅರ್ಧ ಬಳೆಯ ಹಾಗಿದ್ದ ಆ ತುಂಡನ್ನು ಬಿರುಕಿನ ಕೆಳಗೆ ಕೂರಿಸಿ ಬೆಸೆದರು. ಆಕ್ಸಲ್ ಹಾಕಿ, ಗಾಲಿಯನ್ನು ಕೈಯಿಂದ ತಿರುಗಿಸಿ, ಕಿವಿಗೊಟ್ಟು ಕೇಳಿದರು. ಎಲ್ಲೂ ಉಜ್ಜುತ್ತಿರಲಿಲ್ಲ. ಎಣ್ಣೆ ತುಂಬಿಸಿದರು. ಸಂಜೆ ನಾಲ್ಕೂವರೆಯಾಗಿತ್ತು.

"ಖಾಲಿ ಗಾಡಿ ಮೆಲ್ಲಕ ಹೊಡ್ಕೊಂಡ ಹೋಗ್ರಿ" ಎಂದರು. "ರಾಣೆಬೆನ್ನೂರ ಮುಟ್ಟಿದ ಮ್ಯಾಲೆ ಹೌಸಿಂಗ್ ಬದಲಿ ಮಾಡ್ರಿ. ಭಾರ ಹಾಕಬ್ಯಾಡ್ರಿ. ಒಂದ ಪೆಟ್ಟಿಗಿನೂ ಬ್ಯಾಡ."

ಅವರು ಹೋದ ಮೇಲೆ ತಮ್ಮ ಹುಣಸೆ ಮರದಡಿ ಬಂದ. "ಅಕ್ಕ, ಸಂಜಿಗೆ ಹುಳಾ ಒಳಗ ಸೇರಿದ ಮ್ಯಾಲೆ ಹೇರೋಣ. ಎಷ್ಟ ಗಟ್ಟಿ ಬೆಸುಗಿ ಹಾಕ್ಯಾನ ನೋಡಿಲ್ಲಾ? ಒಂದ ತಾಸಿನ ದಾರಿ. ಇಪ್ಪತ್ತರ ಮ್ಯಾಲೆ ಸ್ಪೀಡ್ ಹೋಗಂಗಿಲ್ಲ."

ಅವನ ಮಾತು ಸುಳ್ಳೆನಿಸಲಿಲ್ಲ. ಬೆಸುಗೆ ನಿಜವಾಗಿಯೂ ಗಟ್ಟಿಯಾಗಿ ಕಾಣುತ್ತಿತ್ತು. ಇಲ್ಲಿದ್ದರೆ ನಾಳೆ ಬೆಳಿಗ್ಗೆ ಹುಳಗಳು ಮೆಣಸಿನ ಹೂವಿಗೆ ಹೋಗುವುದು ಖಚಿತ. ಅಲ್ಲಿ ಉಳ್ಳಾಗಡ್ಡಿ ಹೂವು ದಿನ ಕಳೆದಂತೆ ಉದುರುತ್ತಿತ್ತು, ಹೊಲದವರ ಫೋನು ಮತ್ತೆ ಬಂದಿತ್ತು. ನಾನು ಸತ್ತ ಪೆಟ್ಟಿಗೆಗಳನ್ನು ಎಣಿಸಿದೆ. ಹನ್ನೊಂದು. ಒಂದರ ಮುಚ್ಚಳ ತೆಗೆದಾಗ ಎರಿಗಳೆಲ್ಲ ತಳಕ್ಕೆ ಕುಸಿದು, ತುಪ್ಪದಲ್ಲಿ ಅಂಟಿದ ಹುಳಗಳು ಹುಣಸೆಹಣ್ಣಿನ ಉಂಡೆಯ ಹಾಗೆ ಬಿದ್ದಿದ್ದವು. ಉಳಿದ ಮೂವತ್ತೊಂದನ್ನು ಉಳಿಸಿಕೊಳ್ಳುವ ದಾರಿ ಇದೊಂದೇ ಎಂದು ಮನಸ್ಸು ಹೇಳುತ್ತಿತ್ತು. ಬಣ್ಣ ಬಳಿದ ದಿನವೂ ಅದು ಹೀಗೆಯೇ ಹೇಳಿತ್ತು.

"ಬ್ಯಾಡ" ಎಂದೆ. "ನೀ ಖಾಲಿ ಗಾಡಿ ತಗೊಂಡ ಹೋಗು. ನಾ ಇಲ್ಲೇ ಇರ್ತೇನಿ. ನಾಡಿದ್ದ ಟ್ರ್ಯಾಕ್ಟರ್ ಬರ್ಲಿ."

"ಅಷ್ಟ್ರಾಗ ಎಲ್ಲಾ ಸಾಯ್ತಾವಕ್ಕ."

"ಸಾಯಲಿ."

ತಮ್ಮ ಕೀಲಿಕೈ ಕಸಿದುಕೊಂಡ ಹಾಗೆ ತೆಗೆದುಕೊಂಡು ಹೋದ. ನನ್ನ ಕಡೆ ತಿರುಗಿ ನೋಡಲಿಲ್ಲ.

ಒಡತಿ ನನ್ನನ್ನು ತನ್ನ ಮನೆಗೆ ಕರೆದೊಯ್ದು ಉಣ್ಣಿಸಿ ಮಲಗಿಸಿದಳು. ಬೆಳಿಗ್ಗೆ ಬಂದು ನೋಡಿದರೆ ಪೆಟ್ಟಿಗೆಗಳ ಮುಂದೆ ಅಲ್ಲಲ್ಲಿ ಸತ್ತ ಹುಳಗಳಿದ್ದವು, ನಾಲಿಗೆ ಹೊರಚಾಚಿದ್ದವು. ಅದು ವಿಷದ ಗುರುತು. ಬೊಗಸೆಯಿಂದ ಬಾಚಿ ದೂರ ಹಾಕಿದೆ. ನಾಲ್ಕು ಬೊಗಸೆ ಆದವು. ನಾನು ಹೆದರಿದ್ದಕ್ಕಿಂತ ಕಡಿಮೆ. ಬಾನಿಯ ಅಂಚು ಹುಳಗಳಿಂದ ಕಪ್ಪಾಗಿತ್ತು. ನಾನು ಗಂಟೆಗೊಮ್ಮೆ ನೀರು ತುಂಬುತ್ತಾ ಕೂತೆ. ಬೇರೆ ಏನು ಮಾಡಲೂ ಬರುವಂತಿರಲಿಲ್ಲ.

ಮಧ್ಯಾಹ್ನ ತಮ್ಮ ಫೋನ್ ಮಾಡಿದ. ನಮ್ಮ ಮೆಕ್ಯಾನಿಕ್ ಹೌಸಿಂಗನ್ನು ಪೂರ್ತಿ ಇಳಿಸಿ, ಬಲಗಡೆಯ ಕಮಾನು ಪಟ್ಟಿಯನ್ನೂ ಬಿಚ್ಚಿದ್ದನಂತೆ. ಅದು ಕೂತಿದ್ದ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತಂತೆ.

"ಅಕ್ಕ, ಎಡಗಡಿಕ್ಕಿಂತ ಬಲಗಡೆ ಜಾಸ್ತಿ ತಿಂದಿತ್ತು. ನಿನ್ನೆ ಹೇರಿದ್ರ..." ಎಂದು ನಿಲ್ಲಿಸಿದ. ಆಮೇಲೆ, "ಉಂಡಿಯೇನು?" ಎಂದು ಕೇಳಿದ.

ನಾನು ವೆಲ್ಡರಿಗೆ ಫೋನ್ ಮಾಡಿದೆ. ಅವರು ಖಾಲಿ ಗಾಡಿ ಎಂದು ಒತ್ತಿ ಹೇಳಿರದಿದ್ದರೆ ನಾವಿಬ್ಬರೂ ಉಳಿಯುತ್ತಿರಲಿಲ್ಲ, ಅದನ್ನು ಹೇಳಬೇಕಿತ್ತು. ಬಲಗಡೆಯ ವಿಷಯವನ್ನೂ ಹೇಳಿದೆ.

"ಬಲಗಡೆ ನಾ ಬಡದು ನೋಡಲೇ ಇಲ್ಲ ಬೇಟಿ" ಎಂದರು ಅವರು. "ಎಡಗಡೆ ಬಿರಿದಿತ್ತು, ಎಡಗಡೀನ ನೋಡಿದೆ. ಖಾಲಿ ಹೋಗ್ರಿ ಅಂದದ್ದು ನನ್ನ ಬೆಸುಗಿ ಮ್ಯಾಲೆ ನನಗ ಭರೋಸಾ ಇರ್ಲಾರದಕ್ಕ. ಮತ್ತೇನ ಗೊತ್ತಿದ್ದಿಲ್ಲ ನನಗ."

ನಂತರ ಅವರೇ ಕೇಳಿದರು: "ಹುಳಾ ಎಷ್ಟ ಉಳದ್ವು?"

"ಮೂವತ್ತೊಂದ ಪೆಟ್ಟಿಗಿ, ಚಾಚಾ."

"ಈಗ ಏನ ಮಾಡಾಕತ್ತಾವು?"

ನಾನು ತಿರುಗಿ ಬಾನಿಯ ಕಡೆ ನೋಡಿದೆ. "ನೀರ ಕುಡ್ಯಾಕತ್ತಾವ್ರಿ" ಎಂದೆ.